ಉಣುಗಿನೆದುರು ಮೈಕಾವಲು ಯಾರ ಹೊಣೆ?

1957ರ ಆರಂಭದ ತಿಂಗಳುಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆಗೆ, ಸೊಪ್ಪಿಗೆ ಅದೇ ಕಾಡು ಹೊಕ್ಕವರು ಜ್ವರ ಹಿಡಿದು ಮಲಗಿದರು. ಹಳದಿ ಜ್ವರ ಏಷ್ಯಾಕ್ಕೂ ಬಂದುಬಿಟ್ಟಿತೇ ಎಂಬ ಆತಂಕ ಎದ್ದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಹುಡುಕಿದಾಗ ಸಿಕ್ಕಿದ್ದು ಬೇರೆಯೇ ವೈರಾಣು. ಅದು ರಷ್ಯಾದ ಕಾಡುಗಳಲ್ಲಿ ಮಿದುಳುಜ್ವರ ತರುವ ವೈರಾಣುವಿನ ಬಳಗದ್ದು, ಅದನ್ನು ಸಾಗಿಸುವುದು ಉಣುಗು. ಊರವರು ಅದನ್ನು ಮಂಗನ ಕಾಯಿಲೆ ಎಂದರು. ಈ ಕಾಯಿಲೆ ತಗುಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಅಂದಿನಿಂದ ಇಂದಿನವರೆಗೆ ನಡೆದದ್ದನ್ನು ಜೋಡಿಸಿ ನೋಡಿದರೆ ನಮ್ಮ ದೊಡ್ಡ ಕೊರತೆಯೊಂದು ಕಾಣುತ್ತದೆ. ಕಾಡಿನಲ್ಲಿ ದುಡಿಯುವವರ ಮೈಕಾವಲನ್ನು ನಾವು ಲಸಿಕೆ ಸಿಗುವ ತನಕದ ತಾತ್ಕಾಲಿಕ ಏರ್ಪಾಡೆಂದೇ ಎಣಿಸಿದ್ದೇವೆ. ಹೊಣೆಯನ್ನೆಲ್ಲ ದುಡಿಯುವವರ ಎಚ್ಚರಿಕೆಯ ಮೇಲೆ ಹೊರಿಸಿದ್ದೇವೆ. ಮೈಕಾವಲನ್ನು ದುಡಿಮೆಯ ಸುರಕ್ಷತೆಯೆಂದು, ಕೆಲಸ ಕೊಡುವವರ ಮತ್ತು ಸರ್ಕಾರದ ಕರ್ತವ್ಯವೆಂದು ಒಪ್ಪಿಕೊಳ್ಳದೆ ಈ ಸಾವುಗಳು ನಿಲ್ಲುವುದಿಲ್ಲ.

ಉಣುಗಿನ ಬದುಕು ತಿಳಿದರೆ ಕಾವಲಿನ ಬಗೆಯೂ ತಿಳಿಯುತ್ತದೆ. ಕಾಯಿಲೆ ಹರಡುವುದರಲ್ಲಿ ಮುಖ್ಯವಾದ ಹಿಮಾಫೈಸಾಲಿಸ್ ಸ್ಪಿನಿಜೆರಾ ಜಾತಿಯ ಉಣುಗು ನೆಲದ ಮೇಲೆ ಮೊಟ್ಟೆಯಿಡುತ್ತದೆ. ಲಾರ್ವಾ, ನಿಂಫ್, ಪ್ರೌಢ ಎಂಬ ಮೂರು ಹಂತದಲ್ಲೂ ಬೇರೆ ಬೇರೆ ಪ್ರಾಣಿಗಳ ರಕ್ತ ಹೀರುತ್ತದೆ. ಮನುಷ್ಯರಿಗೆ ಹೆಚ್ಚು ಅಪಾಯ ಎಳ್ಳುಕಾಳಿಗಿಂತ ಚಿಕ್ಕದಾದ ನಿಂಫ್‌ನಿಂದ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಮಲೆನಾಡಿನಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವ, ಸೌದೆ ಒಟ್ಟುವ ಕಾಲದಲ್ಲೇ, ಅದರ ಸುಗ್ಗಿ. ಉಣುಗು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಹುಲ್ಲು, ಎಲೆಯ ತುದಿಗೇರಿ ಮುಂಗಾಲು ಚಾಚಿ ಕಾಯುತ್ತದೆ. ಆ ಕಾಲುಗಳಲ್ಲಿರುವ ಅಂಗವೊಂದು ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ವಾಸನೆಯನ್ನು ಗುರುತಿಸುತ್ತದೆ. ಸೋಂಕು ತಗುಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲ ನೆಲಕ್ಕಿಳಿಯುವುದರಿಂದ ಆ ಜಾಗವೇ ಅಪಾಯದ ತಾಣವಾಗುತ್ತದೆ. ದನಗಳಿಂದ ಕಾಯಿಲೆ ನೇರವಾಗಿ ಬರದಿದ್ದರೂ ಪ್ರೌಢ ಉಣುಗಿಗೆ ಹೊಟ್ಟೆತುಂಬ ರಕ್ತ ಸಿಗುವುದು ಅವುಗಳಿಂದ. ಕಾಡಿನ ಅಂಚಿಗೆ ಮೇಯಲು ಹೋಗುವ ದನ ಹೆಚ್ಚಿದಂತೆ ಉಣುಗೂ ಹೆಚ್ಚುತ್ತದೆಂಬ ವಾದವನ್ನು ಸಂಶೋಧಕ ಹೋರ್ಹೆ ಬೊಶೆಲ್ 1960ರ ದಶಕದಲ್ಲೇ ಮುಂದಿಟ್ಟಿದ್ದರು.

ಇಂಥ ಉಣುಗಿಗೆ ಮೈಯ ಸುಳಿವು ಸಿಗದಂತೆ ಮಾಡುವ ಎಣ್ಣೆಗಳು ಯುದ್ಧದ ಅಗತ್ಯದಿಂದ ಬೆಳೆದವು. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಹಚ್ಚಿಕೊಂಡ ಮಿಶ್ರಣಗಳಲ್ಲಿ ಡೈಮೀಥೈಲ್ ಥ್ಯಾಲೇಟ್ ಮುಖ್ಯವಾಗಿತ್ತು. ಮಲೆನಾಡಿನ ಜನ ದಶಕಗಳ ಕಾಲ ಕಂಡ ಡಿಎಂಪಿ ಎಣ್ಣೆ ಇದೇ. 1944ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧನೆಯಿಂದ ಡೀಟ್ ಹುಟ್ಟಿತು. ಅದು ಸಾಮಾನ್ಯ ಜನರ ಬಳಕೆಗೆ ಬಂದದ್ದು 1957ರಲ್ಲಿ, ಕ್ಯಾಸನೂರಿನ ವೈರಾಣು ಪತ್ತೆಯಾದ ವರ್ಷವೇ. ಮುಂದೆ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆ ಡೆಪಾ ಎಂಬ ಎಣ್ಣೆಯನ್ನು ರೂಪಿಸಿತು; ಈಚಿನ ವರ್ಷಗಳಲ್ಲಿ ಆರೋಗ್ಯ ಇಲಾಖೆ ಮಲೆನಾಡಿಗೆ ಹಂಚುತ್ತಿರುವುದು ಇದನ್ನು. ಇವುಗಳಲ್ಲಿ ಬಹುಪಾಲು ಸೈನಿಕರಿಗಾಗಿ ಆದವು ಎಂಬುದನ್ನು ಗಮನಿಸಬೇಕು. ಸೇನೆಯಲ್ಲಿ ಎಣ್ಣೆ ಹಚ್ಚಿಕೊಳ್ಳುವುದು ಸಮವಸ್ತ್ರದಷ್ಟೇ ಕಡ್ಡಾಯ, ಒದಗಿಸುವುದು ಸೇನೆಯ ಹೊಣೆ. ಎಣ್ಣೆ ಮಲೆನಾಡಿಗೆ ಬಂದಾಗ ಸೀಸೆಯಷ್ಟೇ ಬಂತು, ಆ ವ್ಯವಸ್ಥೆ ಬರಲಿಲ್ಲ.

ಲಸಿಕೆ ಇದ್ದರೆ ಇದೆಲ್ಲ ಏಕೆ ಎಂಬ ಆಕ್ಷೇಪ ಸಹಜ. ಲಸಿಕೆಯ ಇತಿಹಾಸವೇ ಅದಕ್ಕೆ ಉತ್ತರ. ವೈರಾಣು ಪತ್ತೆಯಾದ ಹೊಸತರಲ್ಲಿ ರಷ್ಯಾದ ಮಿದುಳುಜ್ವರದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿದರು, ಫಲ ಸಿಗಲಿಲ್ಲ. 1990ರಿಂದ ನಮ್ಮದೇ ಲಸಿಕೆ ಬಳಕೆಗೆ ಬಂತು. ತಿಂಗಳ ಅಂತರದಲ್ಲಿ ಎರಡು ಡೋಸ್, ಅನಂತರ 6ರಿಂದ 9 ತಿಂಗಳೊಳಗೆ ಬೂಸ್ಟರ್, ಆಮೇಲೂ ವರ್ಷಕ್ಕೊಂದರಂತೆ ಚುಚ್ಚಿಸಿಕೊಳ್ಳಬೇಕಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನ ಎರಡು ಡೋಸ್‌ಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಸುಮಾರು ಶೇ 83 ರಕ್ಷಣೆಯನ್ನು ತೋರಿಸಿತು. ಚುಚ್ಚಿದ ನೋವು, ಪದೇ ಪದೇ ಆಸ್ಪತ್ರೆಗೆ ಅಲೆಯುವ ಕಷ್ಟದಿಂದ ಜನ ಬೂಸ್ಟರ್‌ವರೆಗೆ ಬರಲಿಲ್ಲ. ಲಸಿಕೆಯ ಸಾಮರ್ಥ್ಯವೂ ಕುಂದಿ 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬೇಗ ಬರಲಿ, ಯಶಸ್ವಿಯಾಗಲಿ. ಆದರೆ ಲಸಿಕೆ ಕೈಕೊಟ್ಟ ಹೊತ್ತಿನಲ್ಲೆಲ್ಲ ದುಡಿಯುವವರ ನೆರವಿಗೆ ಉಳಿದದ್ದು ಎಣ್ಣೆ, ಮೈಮುಚ್ಚುವ ಬಟ್ಟೆ, ಸ್ನಾನ, ಮಂಗ ಸತ್ತ ಸುದ್ದಿ ಇಷ್ಟೇ. ಲಸಿಕೆ ಬಂದ ಮೇಲೂ ಇವು ಬೇಕು, ಏಕೆಂದರೆ ಉಣುಗು ಮಂಗನ ಕಾಯಿಲೆಯ ವೈರಾಣುವನ್ನಷ್ಟೇ ಹೊರುವುದಿಲ್ಲ.

ಕಾಡಿಗೆ ಹೋಗದಿದ್ದರಾಯಿತು ಎನ್ನುವುದು ಇನ್ನೊಂದು ವಾದ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ಬರಬೇಕು, ಕೊಟ್ಟಿಗೆಗೆ ದರಕು ಬೇಕು, ಒಲೆಗೆ ಸೌದೆ ಬೇಕು. ಇದನ್ನೆಲ್ಲ ಹೊತ್ತು ತರುವವರಲ್ಲಿ ಹೆಚ್ಚಿನವರು ಕೂಲಿಯವರು, ಅವರಲ್ಲೂ ಹೆಂಗಸರು ಬಹಳ. ಒಂದು ದಿನ ತಪ್ಪಿದರೆ ಒಂದು ದಿನದ ಕೂಲಿ ಹೋಯಿತು. 2012ರಲ್ಲಿ ಬಂಡೀಪುರದಲ್ಲಿ ಸೋಂಕು ತಗುಲಿದ್ದು ಸತ್ತ ಮಂಗಗಳನ್ನು ಸುಡುವ ಕೆಲಸಕ್ಕೆ ಹೋದವರಿಗೆ. ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ ತಾಲ್ಲೂಕುಗಳಲ್ಲಿ ಗೇರುತೋಟದ ಕೆಲಸಗಾರರಿಗೆ ಅದು ಬಂತು. ದರಕನ್ನು ಅಂಗಳಕ್ಕೆ ತಂದು ರಾಶಿ ಹಾಕಿದರೆ ಉಣುಗೂ ಜೊತೆಗೇ ಬರುವುದರಿಂದ ಮನೆಯಲ್ಲಿದ್ದವರೂ ಸುರಕ್ಷಿತರಲ್ಲ. ಕಾಡಿಗೆಲ್ಲ ವಿಷ ಸಿಂಪಡಿಸೋಣವೆಂದರೆ ಅದು ಜೇನು, ಮೀನು, ಹಕ್ಕಿಗಳಿಗೆ ಮಾರಕ. ಮಂಗ ಸತ್ತ ಜಾಗದ ಸುತ್ತ ಮೆಲಾಥಿಯಾನ್ ಪುಡಿ ಎರಚುವುದಕ್ಕಷ್ಟೇ ಅದು ಸೀಮಿತವಾಗಬೇಕು. ಅದಾದರೂ ಫಲಿಸಲು ಮಂಗ ಸತ್ತ ಸುದ್ದಿ ಅಂದೇ ತಲುಪಬೇಕು.

ಎಣ್ಣೆ ಕೊಟ್ಟರೂ ಜನ ಹಚ್ಚುವುದಿಲ್ಲ ಎಂಬ ದೂರು ಅಧಿಕಾರಿಗಳಿಂದ ಕೇಳಿಬರುತ್ತದೆ. ದೂರಿನಲ್ಲಿ ಸತ್ಯವಿದೆ, ಅದಕ್ಕೆ ಕಾರಣವೂ ಇದೆ. ದಶಕಗಳ ಕಾಲ ಕೊಟ್ಟ ಡಿಎಂಪಿ ಕೆಲವೇ ಗಂಟೆ ಕೆಲಸ ಮಾಡುತ್ತದೆ, ಬೆವರಿಗೆ ತೊಳೆದುಹೋಗುತ್ತದೆ. ಬೆಳಿಗ್ಗೆ ಮನೆಯಲ್ಲಿ ಹಚ್ಚಿದ್ದು ಮಧ್ಯಾಹ್ನ ಬೆಟ್ಟದಲ್ಲಿ ಉಳಿಯುವುದಿಲ್ಲ. ಮತ್ತೆ ಹಚ್ಚಲು ಸೀಸೆ ಕೈಯಲ್ಲಿರಬೇಕು, ಕೆಲಸಕ್ಕೆ ಬಿಡುವಿರಬೇಕು. ಕಾಲುಚೀಲದೊಳಗೆ ಪ್ಯಾಂಟ್ ತುದಿ ಸೇರಿಸಿ ಎನ್ನುವ ಸಲಹೆ ಬರಿಗಾಲಲ್ಲಿ ಸೀರೆಯುಟ್ಟು ದುಡಿಯುವ ಹೆಂಗಸಿಗೆ ಅನ್ವಯಿಸುವುದಿಲ್ಲ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನಲ್ಲಿ ಮೀಯಬೇಕು, ಬಟ್ಟೆ ಬಿಸಿನೀರಿನಲ್ಲಿ ಒಗೆಯಬೇಕು, ಮೈಗೆ ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು, ಬೆರಳಿನಿಂದ ಹಿಸುಕಬಾರದು. ಇದೆಲ್ಲ ಸರಿಯಾದ ತಿಳಿವಳಿಕೆ. ಇದನ್ನು ಪಾಲಿಸುವ ಸಾಧನವೂ ಸಮಯವೂ ಜೊತೆಗೆ ಸಿಕ್ಕಾಗಲೇ ಅದು ರಕ್ಷಣೆಯಾಗುತ್ತದೆ.

ಹಾಗಾಗಿ ಮಾಡಬೇಕಾದ್ದು ಸ್ಪಷ್ಟ. ನವೆಂಬರ್ ಮುಗಿಯುವ ಮೊದಲೇ ಎಣ್ಣೆ ಪ್ರತಿ ಮನೆಗೆ ತಲುಪಲಿ, ಮೇ ತನಕ ಕೊರತೆಯಾಗದಿರಲಿ. ಕೂಲಿಯವರನ್ನು ಬೆಟ್ಟಕ್ಕೆ ಕಳಿಸುವ ತೋಟದ ಒಡೆಯರು, ಗುತ್ತಿಗೆದಾರರು, ಅರಣ್ಯ ಇಲಾಖೆ ಎಣ್ಣೆಯೊಂದಿಗೆ ಮೊಣಕಾಲುದ್ದದ ಬೂಟು, ಮೈತುಂಬ ಬಟ್ಟೆ ಕೊಡಲಿ, ಮಧ್ಯಾಹ್ನ ಎಣ್ಣೆ ಹಚ್ಚುವ ಬಿಡುವೂ ಕೂಲಿಯ ಲೆಕ್ಕದಲ್ಲೇ ಸೇರಲಿ. ಮಂಗ ಸತ್ತ ಸುದ್ದಿ ಕೊಟ್ಟವರಿಗೆ ಅಲೆದಾಟ ತಪ್ಪಲಿ. ಆ ಜಾಗದ ಕೆಲಸ ನಿಂತ ದಿನಗಳಿಗೆ ಪರಿಹಾರ ಸಿಗಲಿ, ಆಗ ಸುದ್ದಿ ಮುಚ್ಚಿಡುವ ಕಾರಣವೇ ಇರುವುದಿಲ್ಲ. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ. ಉಣುಗು ಯಾವ ತಿಂಗಳಲ್ಲಿ ಎಲ್ಲಿ ಕಾಯುತ್ತದೆಂಬುದು ನಮಗೆ ಆರು ದಶಕಗಳಿಂದ ಗೊತ್ತು. ಅಷ್ಟು ತಿಳಿದೂ ಮುನ್ನೆಚ್ಚರಿಕೆಯ ಭಾರವನ್ನೆಲ್ಲ ಕೂಲಿಗೆ ಹೋಗುವವರ ಹೆಗಲಿಗೇ ಬಿಡುವುದು ಅನ್ಯಾಯ. ಸೈನಿಕರ ಮೈ ಕಾಯಲು ಹುಟ್ಟಿದ ಎಣ್ಣೆಗೆ ಸೇನೆಯಲ್ಲಿದ್ದ ಶಿಸ್ತು ಮತ್ತು ಹೊಣೆಗಾರಿಕೆಯನ್ನು ಸೊಪ್ಪು ಹೊರುವವರ ವಿಷಯದಲ್ಲೂ ತರುವುದು ಬರುವ ಡಿಸೆಂಬರ್‌ಗೆ ಮೊದಲೇ ಆಗಬಹುದಾದ ಕೆಲಸ, ಆಗಲೇಬೇಕಾದ ಕೆಲಸ.