ಕೃತಕ ಸಂಕೋಚಕವೂ ರೋಗಿಯ ಆಯ್ಕೆಯೂ

ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಸಿಕೊಂಡ ಕೆಲವು ಪುರುಷರಿಗೆ ಕೆಮ್ಮಿದರೂ ಭಾರವೆತ್ತಿದರೂ ಮೂತ್ರ ಸೋರುವುದುಂಟು. ಬಹುಮಂದಿಯಲ್ಲಿ ಇದು ಮೊದಲ ವರ್ಷದೊಳಗೆ ತಾನಾಗಿ ತಗ್ಗುವುದರಿಂದ ಆತುರದ ಶಸ್ತ್ರಕ್ರಿಯೆ ಸಲ್ಲದು. ಉಳಿದವರಲ್ಲಿ ಯಾರನ್ನು ಆರಿಸಬೇಕೆಂಬುದೇ ಪ್ರಶ್ನೆ.

1972ರಲ್ಲಿ ಅಮೆರಿಕದ ಬ್ರಾಂಟ್ಲಿ ಸ್ಕಾಟ್ ಎಂಬ ವೈದ್ಯರು ದ್ರವ ತುಂಬಿದ ಕೃತಕ ಸಂಕೋಚಕವನ್ನು ಶರೀರದೊಳಗೆ ಅಳವಡಿಸಿದರು. ಅದರ ಇಂದಿನ ರೂಪದಲ್ಲಿ ಪಟ್ಟಿಯೊಂದು ಮೂತ್ರನಾಳವನ್ನು ಸುತ್ತಿ ಬಿಗಿಹಿಡಿದಿರುತ್ತದೆ; ವೃಷಣಚೀಲದೊಳಗಿನ ಪಂಪನ್ನು ರೋಗಿಯೇ ಹಿಸುಕಿದರೆ ಸಡಿಲಗೊಂಡು, ಕೆಲವು ನಿಮಿಷಗಳಲ್ಲಿ ಮರಳಿ ಬಿಗಿಯುತ್ತದೆ. ವೈದ್ಯನು ಅಳವಡಿಸಿದುದನ್ನು ದಿನವೂ ನಡೆಯಿಸುವವನು ರೋಗಿ! ಚರಿತ್ರೆಯ ಅಭ್ಯಾಸಿಗಳಾದ ನಮಗೆ ಇದೇ ವಿಶೇಷವೆನಿಸಿತು.

ಆದುದರಿಂದ ಮೂತ್ರಾಂಗಗಳ ಪರೀಕ್ಷೆಯೊಂದೇ ಸಾಲದು. ಬೆರಳುಗಳನ್ನೂ ನೆನಪನ್ನೂ ಪರೀಕ್ಷಿಸಬೇಕು. ಕೀಲುವಾತದಿಂದ ಪಂಪನ್ನು ಹಿಸುಕಲಾರದವನಿಗೆ, ಸೋರಿಕೆ ಎಷ್ಟೇ ತೀವ್ರವಾಗಿದ್ದರೂ, ಈ ಯಂತ್ರ ಹೊಂದದು. ಮೂತ್ರ ಕಟ್ಟಿಕೊಳ್ಳುವ ಅಪಾಯವಿದೆ. ಸೋರಿಕೆ ಅಲ್ಪವಾಗಿದ್ದು ವಿಕಿರಣಚಿಕಿತ್ಸೆ ಪಡೆಯದವನಿಗಾದರೋ, ಮೂತ್ರನಾಳಕ್ಕೆ ಆಸರೆ ಕೊಡುವ, ಪಂಪಿಲ್ಲದ ಪಟ್ಟಿಯೇ ಸಾಕಾಗಬಹುದು.