ಈ ಕಳ್ಳಿ ದ್ರಾಕ್ಷಿಯ ನೆಂಟ

ನಾಲ್ಕು ಏಣಿನ ಹಸಿರು ಕಾಂಡ, ಬೆರಳುದ್ದಕ್ಕೊಂದು ಗೆಣ್ಣು. ಎಲೆ ಇಲ್ಲ, ಹೂವು ಕಂಡವರಿಲ್ಲ. ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕಾಪ್ಪಿಲಿಯರ ಕುಟುಂಬಗಳು ತಲೆಮಾರುಗಳಿಂದ ಇವೆ. ಆ ಕಡೆಯಿಂದ ಬೆಂಗಳೂರಿಗೆ ಬಂದು ನೆಲೆಸಿದ ಪರಿಚಯದವರ ಬಾಲ್ಕನಿಯಲ್ಲಿ ಇಂಥದೊಂದು ಕುಂಡವಿದೆ. ಊರಿಂದ ತಂದ ತುಂಡು ವರ್ಷಗಟ್ಟಲೆ ಸಾಯದೆ, ಹೆಚ್ಚು ಬೆಳೆಯದೆ ಉಳಿದಿದೆ. ಕೇಳಿದರೆ ‘ಅದ್ಯಾವುದೋ ಕ್ಯಾಕ್ಟಸ್ಸು’ ಅನ್ನುತ್ತಾರೆ.

ಕ್ಯಾಕ್ಟಸ್ ಅಲ್ಲ. ಕ್ಯಾಕ್ಟಸ್ಸಿನ ಮುಳ್ಳು ಏಳುವುದು ಕಾಂಡದ ಮೇಲಿನ ಪುಟ್ಟ ಮೆತ್ತೆಯಂಥ ಜಾಗದಿಂದ. ಇಲ್ಲಿ ಮುಳ್ಳೂ ಇಲ್ಲ, ಮೆತ್ತೆಯೂ ಇಲ್ಲ. ಸಸ್ಯಗಳನ್ನು ಗುರುತಿಸುವ ಗ್ರಂಥಗಳಿಗೇನೂ ಕೊರತೆಯಿಲ್ಲ. ಪಕ್ಕದ ದಿಂಡಿಗಲ್ ಜಿಲ್ಲೆಯ ಪಳನಿ ಬೆಟ್ಟಗಳ ಬಗ್ಗೆಯೇ ಜೆಸ್ಯೂಟ್ ಪಾದ್ರಿ ಕೆ. ಎಂ. ಮ್ಯಾಥ್ಯೂ ಅವರ ದೊಡ್ಡ ಸಸ್ಯಸಂಪುಟ 1999ರಲ್ಲಿ ಬಂದಿದೆ. ಆದರೆ ಇಂಥ ಗ್ರಂಥಗಳು ಹೆಚ್ಚಾಗಿ ಹೂವನ್ನೇ ಕೇಳುತ್ತವೆ: ದಳ ಎಷ್ಟು, ಕೇಸರ ಎಷ್ಟು? ನೆರಳಲ್ಲಿ ಸೊರಗಿದ ಕುಂಡದ ಗಿಡಕ್ಕೆ ಆ ಉತ್ತರ ಎಲ್ಲಿಂದ ಬರಬೇಕು? ಮೈ ನೋಡಿ ಹೇಳೋಣವೆಂದರೆ ಅದು ಇನ್ನೂ ದೊಡ್ಡ ಮೋಸ. ನೀರು ಕಡಿಮೆಯಿದ್ದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಕುಟುಂಬಗಳೂ ಎಲೆ ಬಿಟ್ಟು, ಕಾಂಡ ದಪ್ಪಗೆ ಮಾಡಿಕೊಂಡು ಒಂದೇ ರೂಪಕ್ಕೆ ಬಂದಿವೆ.

ತಮಿಳರು ಸದುರಕ್ಕಳ್ಳಿ ಅನ್ನುವ ಗಿಡದ ಕಾಂಡಕ್ಕೂ ಏಣುಗಳಿವೆ. ಸೂಜಿಯಿಂದ ಚುಚ್ಚಿದರೆ ಅದು ಬಿಳಿ ಹಾಲು ಸುರಿಸುತ್ತದೆ. ಕಣ್ಣಿಗೆ ಬಿದ್ದರೆ ಅಪಾಯ, ಕೈ ತೊಳೆಯಲೇಬೇಕು. ನಮ್ಮ ಗಿಡದಲ್ಲಿ ಬಂದದ್ದು ನೀರಿನಂಥ ರಸ. ಒಣ ಕುರುಚಲು ಕಾಡಿನ ಕ್ಯಾರಲುಮಾಗಳ ರಸವೂ ನೀರಿನಂಥದೇ, ಕೆಲವಕ್ಕೆ ಕಾಂಡವೂ ಚೌಕ. ಆದರೆ ಅವು ಯಾವುದನ್ನೂ ಹಿಡಿದು ಹತ್ತುವುದಿಲ್ಲ.

ಹಿಡಿದು ಹತ್ತುವುದು! ಕುಂಡದ ಗಿಡದ ಒಂದು ಎಳೆ ಗೆಣ್ಣಿನಲ್ಲಿ ಒಣಗಿದ ನೂಲಿನಂಥದ್ದು ಅಂಟಿಕೊಂಡಿತ್ತು. ಅದು ಕುಡಿಬಳ್ಳಿ. ಇಡೀ ಗಿಡದಲ್ಲಿ ಸುಳ್ಳು ಹೇಳದ ಅಂಗ ಅದೊಂದೇ. ಬಟಾಣಿಯಲ್ಲಿ ಕುಡಿಬಳ್ಳಿ ಎಲೆಯ ತುದಿಯಲ್ಲಿರುತ್ತದೆ, ಪ್ಯಾಷನ್ ಫ್ರೂಟಿನಲ್ಲಿ ಎಲೆಯ ಕಂಕುಳಲ್ಲಿ. ಇಲ್ಲಿ ಎಲೆ ಉದುರಿದ ಗುರುತು ಗೆಣ್ಣಿನ ಒಂದು ಬದಿಗಿದ್ದರೆ, ನೂಲು ನೇರ ಅದರ ಎದುರು ಬದಿಗಿತ್ತು. ಆ ಜೋಡಣೆ ದ್ರಾಕ್ಷಿ ಕುಟುಂಬದ್ದು. ಗಿಡ ಮಂಗರವಳ್ಳಿ, ಅದೇ ಸಂದುಬಳ್ಳಿ, ತಮಿಳಿನ ಪಿರಂಡೈ. 1767ರಲ್ಲಿ ಲಿನೇಯಸ್ ಇಟ್ಟ ಹೆಸರು ಸಿಸಸ್ ಕ್ವಾಡ್ರಾಂಗ್ಯುಲಾರಿಸ್.

ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಚಪ್ಪರದಡಿ ನಿಂತು ತಲೆಯೆತ್ತಿದರೆ ಇದೇ ಜೋಡಣೆ ಕಾಣುತ್ತದೆ: ಒಂದು ಕಡೆ ಎಲೆ, ಎದುರಿಗೆ ಕುಡಿಬಳ್ಳಿ ಇಲ್ಲವೇ ಗೊಂಚಲು. ಎರಡಕ್ಕೂ ಮೂಲ ಮೊಗ್ಗು ಒಂದೇ ಬಗೆಯದು. ಹಾಗಾಗಿಯೇ ಒಮ್ಮೊಮ್ಮೆ ಕುಡಿಬಳ್ಳಿಯ ತುದಿಯಲ್ಲಿ ಎರಡು ಮೂರು ಕಾಯಿ ಕೂತಿರುತ್ತವೆ. ಯಾವುದು ಏನಾಗಬೇಕೆಂಬ ತೀರ್ಮಾನದಲ್ಲಿ ಜಿಬ್ಬರೆಲಿನ್ ಎಂಬ ಹಾರ್ಮೋನಿನ ಕೈವಾಡವಿದೆ. ಅದಕ್ಕೆ ಸ್ಪಂದಿಸದ ಒಂದು ಗಿಡ್ಡ ದ್ರಾಕ್ಷಿ ತಳಿಯಲ್ಲಿ ಕುಡಿಬಳ್ಳಿ ಆಗಬೇಕಾದ ಜಾಗದಲ್ಲೆಲ್ಲ ಗೊಂಚಲು ಬರುವುದನ್ನು ಆಸ್ಟ್ರೇಲಿಯದ ಪಾಲ್ ಬಾಸ್ ಮತ್ತು ಮಾರ್ಕ್ ಥಾಮಸ್ 2002ರಲ್ಲಿ ವರದಿ ಮಾಡಿದರು.

ನೀರು ಹಾಕಲು ಮರೆತರೂ ಈ ಬಳ್ಳಿ ಬದುಕುವುದಕ್ಕೆ ಕಾರಣ ಕಾಂಡದ ರಾತ್ರಿಪಾಳಿ. ದ್ರಾಕ್ಷಿ ಹಗಲಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವಾಗ ನೀರು ಆವಿಯಾಗಿ ಹೋಗುತ್ತದೆ. ಮಂಗರವಳ್ಳಿಯ ಕಾಂಡ ಆ ಕೆಲಸವನ್ನು ತಂಪು ಹೊತ್ತಿನಲ್ಲಿ ಮುಗಿಸಿ, ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲಲ್ಲಿ ಬಾಗಿಲು ಮುಚ್ಚಿ ಅಡುಗೆ ಮಾಡುತ್ತದೆ. ತಮಾಷೆಯೆಂದರೆ ಇದರ ಎಲೆಗಳು ಬಹುಮಟ್ಟಿಗೆ ದ್ರಾಕ್ಷಿಯ ಹಳೇ ಪದ್ಧತಿಯಲ್ಲೇ ಇವೆ. ಒಂದೇ ಗಿಡದಲ್ಲಿ ಎರಡು ಪದ್ಧತಿ ಇರುವುದನ್ನು ಕ್ಯಾಲಿಫೋರ್ನಿಯದ ಇರ್ವಿನ್ ಟಿಂಗ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿದರು. ಬರ ಬಂದರೆ ಎಲೆ ಉದುರಿಸಿ ಕಾಂಡವನ್ನಷ್ಟೇ ಉಳಿಸಿಕೊಳ್ಳುವುದು ಬಳ್ಳಿಗೆ ಲಾಭದ ಲೆಕ್ಕ.

ಮುರಿದ ಮೂಳೆಗೆ ಇದು ಹಳೆಯ ಮದ್ದು. 1964ರಲ್ಲಿ ಬನಾರಸ್ಸಿನ ಕೆ. ಎನ್. ಉಡುಪ ಮತ್ತು ಜಿ. ಪ್ರಸಾದ್ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ಪ್ರಾಣಿಗಳಲ್ಲಿ ಇದನ್ನು ಪರೀಕ್ಷಿಸಿದ್ದರು. ಹಾಗೆಂದು ಪ್ಲಾಸ್ಟರ್ ಬಿಟ್ಟು ಬಳ್ಳಿ ಕಟ್ಟಿಕೊಳ್ಳುವುದನ್ನು ನಾನಂತೂ ಒಪ್ಪಲಾರೆ. ಚಟ್ನಿ ಬೇರೆ ಮಾತು. ಎಳೆ ತುದಿಯನ್ನು ಕೈಗೆ ಎಣ್ಣೆ ಸವರಿಕೊಂಡು ಬಿಡಿಸಿ, ಚೆನ್ನಾಗಿ ಹುರಿದು, ಧಾರಾಳ ಹುಣಸೆಹಣ್ಣು ಹಾಕಿ ರುಬ್ಬಬೇಕು. ಇಲ್ಲದಿದ್ದರೆ ಒಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ನಾಲಿಗೆ ಕೆರೆಸುತ್ತವೆ. ಊರಲ್ಲಿ ಈ ಚಟ್ನಿ ಉಂಡವರೂ ಕುಂಡದ ಗಿಡವನ್ನು ಗುರುತಿಸಲಿಲ್ಲ, ಏಕೆಂದರೆ ಅಡುಗೆಮನೆಗೆ ಬರುವುದು ಎಳೆಯ ತುದಿ ಮಾತ್ರ.

ನಿಮ್ಮ ಮನೆಯಲ್ಲೂ ಇಂಥ ಅನಾಮಿಕ ಕುಂಡವಿದ್ದರೆ ಬಿಸಿಲಿಗಿಟ್ಟು ಪಕ್ಕದಲ್ಲೊಂದು ಕೋಲು ನೆಡಿ. ಹೊಸ ಚಿಗುರಿನಲ್ಲಿ ಎಲೆ, ಎದುರಿಗೆ ಕುಡಿಬಳ್ಳಿ ಬಂದರೆ ಅನುಮಾನ ಮುಗಿಯಿತು. ಹೂ ಬಿಟ್ಟರಂತೂ ಎಣಿಸಿ ನೋಡಿ: ದ್ರಾಕ್ಷಿಗೆ ಸಾಮಾನ್ಯವಾಗಿ ಐದು ದಳ, ಅವು ಟೋಪಿಯಂತೆ ಒಟ್ಟಿಗೇ ಕಳಚುತ್ತವೆ, ಇದಕ್ಕೆ ನಾಲ್ಕು, ಬಿಡಿಬಿಡಿ. ಆಮೇಲೆ ಬಟಾಣಿ ಗಾತ್ರದ ಕೆಂಪು ಹಣ್ಣು. ದ್ರಾಕ್ಷಿಯ ನೆಂಟನಲ್ಲವೇ ಎಂದು ಅದನ್ನು ಬಾಯಿಗೆ ಹಾಕಿಕೊಳ್ಳಬೇಡಿ, ಗಂಟಲು ಕೆರೆಯುತ್ತದೆ.