ಪಕ್ಕದ ಬೆಂಚಿನವರ ಮೌನ

1840ರ ನವೆಂಬರ್‌ನ ಒಂದು ರಾತ್ರಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಮುಸುಕು ಹಾಕಿಕೊಂಡ ವಿದ್ಯಾರ್ಥಿಗಳು ಗುಂಡು ಹಾರಿಸುತ್ತ ಗದ್ದಲ ಎಬ್ಬಿಸಿದ್ದರು. ಕಾನೂನು ಪ್ರಾಧ್ಯಾಪಕ ಜಾನ್ ಡೇವಿಸ್ ಹೊರಗೆ ಬಂದು ಒಬ್ಬನ ಮುಸುಕು ಕೀಳಲು ಹೋದರು. ಅವನು ಅವರ ಮೇಲೆಯೇ ಗುಂಡು ಹಾರಿಸಿದ. ಕೆಲವೇ ದಿನಗಳಲ್ಲಿ ಡೇವಿಸ್ ತೀರಿಕೊಂಡರು.

ಮೇಷ್ಟ್ರುಗಳಿಗೂ ಹುಡುಗರಿಗೂ ನಡುವೆ ಮುರಿದುಬಿದ್ದ ನಂಬಿಕೆಯನ್ನು ಮತ್ತೆ ಕಟ್ಟಲು, ಡೇವಿಸ್ ಜಾಗಕ್ಕೆ ಬಂದ ಹೆನ್ರಿ ಸೇಂಟ್ ಜಾರ್ಜ್ ಟಕರ್ 1842ರಲ್ಲಿ ಒಂದು ದಾರಿ ಸೂಚಿಸಿದರು. ಪರೀಕ್ಷೆಯಲ್ಲಿ ಯಾರ ಸಹಾಯವನ್ನೂ ಪಡೆದಿಲ್ಲವೆಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮಾನದ ಮೇಲೆ ಆಣೆಯಿಟ್ಟು ಉತ್ತರಪತ್ರಿಕೆಯಲ್ಲಿ ಬರೆದು ಸಹಿ ಹಾಕಬೇಕು. ಆ ಮಾತನ್ನು ವಿಶ್ವವಿದ್ಯಾಲಯ ನಂಬಬೇಕು. ಅಮೆರಿಕದಲ್ಲಿ ಇಂದಿಗೂ ಉಳಿದಿರುವ ‘ಹಾನರ್ ಕೋಡ್’ (ಮಾನ ಸಂಹಿತೆ) ಪದ್ಧತಿಯ ಹಳೆಯ ಬೇರುಗಳಲ್ಲಿ ಇದೂ ಒಂದು. ಆ ಕಾಲದ ‘ಮಾನ’ ಗುಲಾಮರನ್ನು ಇಟ್ಟುಕೊಂಡಿದ್ದ ಜಮೀನುದಾರರ ಮಕ್ಕಳ ಮಾನ ಎಂಬುದನ್ನು ಮರೆಯುವಂತಿಲ್ಲ. ಕಪ್ಪು ಜನಾಂಗದ ವಿದ್ಯಾರ್ಥಿ ಅಲ್ಲಿಗೆ ಕಾಲಿಟ್ಟಿದ್ದು 1950ರಲ್ಲಿ.

1893ರಲ್ಲಿ ಪ್ರಿನ್ಸ್‌ಟನ್ ಇದೇ ಹಾದಿ ಹಿಡಿಯಿತು. ಪ್ರಶ್ನೆಪತ್ರಿಕೆ ಹಂಚಿ ಮೇಷ್ಟ್ರು ಕೊಠಡಿಯಿಂದ ಹೊರಗೆ ಹೋಗುವ ಪದ್ಧತಿ ಬಂತು. ಸ್ಟ್ಯಾನ್‌ಫರ್ಡ್‌ನ ಸಂಹಿತೆ 1921ರದ್ದು. ವಿದ್ಯಾರ್ಥಿಗಳೇ ಮುಂದೆ ನಿಂತು ತಂದದ್ದು.

ನಕಲು ಹೊಡೆಯುವುದಿಲ್ಲ ಎಂಬ ಪ್ರತಿಜ್ಞೆಯಷ್ಟೇ ಆಗಿದ್ದರೆ ಇದರಲ್ಲಿ ವಿಶೇಷವಿರಲಿಲ್ಲ. ಇಂಥ ಹಲವು ಸಂಹಿತೆಗಳ ಒಳಗೆ ಇನ್ನೊಂದು ಕಠಿಣ ಷರತ್ತು ಇದೆ: ಪಕ್ಕದವನು ನಕಲು ಮಾಡಿದ್ದು ಕಂಡರೆ ಸುಮ್ಮನಿರಕೂಡದು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಂತೂ ಸುಳ್ಳು, ಮೋಸ, ಕಳ್ಳತನಗಳ ಸಾಲಿನಲ್ಲೇ ಅವನ್ನು ಸಹಿಸಿಕೊಳ್ಳುವುದೂ ತಪ್ಪು. ನಕಲು ಮಾಡುವವನ ಕುರಿತು ನಾವು ಬೇಕಾದಷ್ಟು ಮಾತಾಡಿದ್ದೇವೆ. ನೋಡಿಯೂ ತಲೆ ತಗ್ಗಿಸಿ ಬರೆಯುತ್ತ ಕೂತವನೇ ಈ ಕಥೆಯ ಮುಖ್ಯ ಪಾತ್ರ ಎಂದು ನನಗೆ ಅನ್ನಿಸುತ್ತದೆ.

ಸಂಶೋಧನೆಯೂ ಅದೇ ಕಡೆ ಬೆರಳು ತೋರಿಸುತ್ತದೆ. 1964ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ವಿಲಿಯಂ ಬೋವರ್ಸ್ 99 ಕಾಲೇಜುಗಳ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಒಂದಲ್ಲ ಒಂದು ಬಗೆಯಲ್ಲಿ ಮೋಸ ಮಾಡಿದ್ದೇವೆಂದು ಒಪ್ಪಿಕೊಂಡವರು ಸುಮಾರು ಮುಕ್ಕಾಲು ಪಾಲು. 1990ರ ದಶಕದಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಡೊನಾಲ್ಡ್ ಮೆಕೇಬ್ 31 ಕಾಲೇಜುಗಳ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಉತ್ತರಗಳನ್ನು ಜಾಲಾಡಿದರು. ಸಂಹಿತೆ ಇರುವ ಕಾಲೇಜುಗಳಲ್ಲಿ ನಕಲು ಕಡಿಮೆ ಇತ್ತು. ಆದರೆ ಮೆಕೇಬ್ ಮತ್ತು ಲಿಂಡಾ ಟ್ರೆವಿನೊ 1993ರಲ್ಲಿ ಪ್ರಕಟಿಸಿದ ಮುಖ್ಯ ಮಾತು ಬೇರೆಯೇ: ಒಬ್ಬ ವಿದ್ಯಾರ್ಥಿ ನಕಲು ಮಾಡುತ್ತಾನೋ ಇಲ್ಲವೋ ಎಂಬುದರೊಂದಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದುದು, ಸಹಪಾಠಿಗಳು ಏನು ಮಾಡುತ್ತಿದ್ದಾರೆಂಬ ಅವನ ತಿಳಿವಳಿಕೆ. ಶಿಕ್ಷೆಯ ಭಯಕ್ಕೆ ಅಷ್ಟು ಬಲವಿರಲಿಲ್ಲ. ‘ಎಲ್ಲರೂ ಹೊಡೀತಾರೆ ಸಾರ್’ ಎಂದು ನಮ್ಮ ಹುಡುಗರು ಹೇಳುವುದನ್ನು ಬರೀ ನೆಪವೆಂದು ತಳ್ಳಿಹಾಕುವಂತಿಲ್ಲ; ನಕಲು ಹರಡುವ ದಾರಿಯೇ ಅದು.

1976ರಲ್ಲಿ ವೆಸ್ಟ್ ಪಾಯಿಂಟ್ ಇದನ್ನು ಕಣ್ಣಾರೆ ಕಂಡಿತು. ಮನೆಗೆ ಕೊಟ್ಟ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಲೆಕ್ಕಗಳನ್ನು ಕೆಡೆಟ್‌ಗಳು ಒಟ್ಟಿಗೆ ಕೂತು ಬಿಡಿಸಿದ್ದರು. 150ಕ್ಕೂ ಹೆಚ್ಚು ಮಂದಿ ಅಕಾಡೆಮಿ ಬಿಡಬೇಕಾಯಿತು. ತನಿಖೆ ಮಾಡಿದ ಆಯೋಗದ ಅಧ್ಯಕ್ಷರು ಅದೇ ಅಕಾಡೆಮಿಯಲ್ಲಿ ಓದಿ, ಅಪೊಲೊ–8ರಲ್ಲಿ ಚಂದ್ರನನ್ನು ಸುತ್ತಿ ಬಂದಿದ್ದ ಫ್ರ್ಯಾಂಕ್ ಬೋರ್ಮನ್. ತಪ್ಪು ಹುಡುಗರದ್ದು ಮಾತ್ರವಲ್ಲ, ಸಂಹಿತೆ ಸವೆಯುತ್ತಿರುವುದು ಗೊತ್ತಿದ್ದೂ ಸುಮ್ಮನಿದ್ದ ಸಂಸ್ಥೆಯದ್ದೂ ಹೌದು ಎಂದು ಆಯೋಗ ಹೇಳಿತು. ಹೊರಹೋದವರಿಗೆ ಮರಳಿ ಸೇರುವ ಅವಕಾಶ ಸಿಕ್ಕಿತು.

ವರ್ಜೀನಿಯಾದಲ್ಲಿ ಶಿಕ್ಷೆ ಒಂದೇ ಇತ್ತು: ಕಾಯಂ ಉಚ್ಚಾಟನೆ. ಎಚ್ಚರಿಕೆ ಕೊಟ್ಟು ಬಿಡುವ ಮಾತೇ ಇಲ್ಲ. 2001ರಲ್ಲಿ ಭೌತಶಾಸ್ತ್ರದ ಲೂಯಿ ಬ್ಲೂಮ್‌ಫೀಲ್ಡ್ ತಾವೇ ಬರೆದ ಕಂಪ್ಯೂಟರ್ ಪ್ರೋಗ್ರಾಮ್‌ನಿಂದ ಹಳೆಯ ಪ್ರಬಂಧಗಳನ್ನು ಹೋಲಿಸಿ ನೋಡಿದಾಗ 150ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ದೂರು ದಾಖಲಾಯಿತು. 40ಕ್ಕೂ ಹೆಚ್ಚು ಜನ ವಿಶ್ವವಿದ್ಯಾಲಯ ಬಿಟ್ಟರು. ಶಿಕ್ಷೆ ಇಷ್ಟು ಭಾರವಾದಾಗ ದೂರು ಕೊಡುವ ಕೈ ತಡೆಯುವುದು ಸಹಜ. ಒಂದು ಪ್ರಬಂಧಕ್ಕಾಗಿ ಗೆಳೆಯನ ಬದುಕನ್ನೇ ಕೆಡಿಸಲು ಎಷ್ಟು ಜನ ಮುಂದೆ ಬಂದಾರು? ಕಪ್ಪು ವಿದ್ಯಾರ್ಥಿಗಳ ಮೇಲೆ, ಹೊರದೇಶದಿಂದ ಬಂದವರ ಮೇಲೆ ಹೆಚ್ಚು ದೂರುಗಳು ಬೀಳುತ್ತವೆ ಎಂಬ ಆಕ್ಷೇಪವೂ ಹಳೆಯದು. ಅಪ್ಪ ಅಮ್ಮ ಸಾಲ ಮಾಡಿ ಅಮೆರಿಕಕ್ಕೆ ಕಳಿಸಿದ ನಮ್ಮೂರಿನ ಮಕ್ಕಳಿಗೂ ಇದು ಸಂಬಂಧಪಟ್ಟದ್ದೇ. ಒಟ್ಟಿಗೆ ಕೂತು ಹೋಮ್‌ವರ್ಕ್ ಮಾಡುವುದನ್ನು ಸ್ನೇಹವೆಂದೇ ತಿಳಿದು ಬೆಳೆದವರು, ಅಲ್ಲಿ ಯಾವ ಕೆಲಸಕ್ಕೆ ಜೊತೆ ಸೇರಬಹುದು, ಯಾವುದಕ್ಕೆ ಕೂಡದು ಎಂಬುದನ್ನು ಮೊದಲ ವಾರವೇ ಕೇಳಿ ತಿಳಿದುಕೊಳ್ಳಬೇಕು. 2022ರಲ್ಲಿ ವರ್ಜೀನಿಯಾದ ವಿದ್ಯಾರ್ಥಿಗಳೇ ಮತ ಹಾಕಿ ಉಚ್ಚಾಟನೆಯ ಜಾಗಕ್ಕೆ ಎರಡು ಸೆಮಿಸ್ಟರ್‌ಗಳ ಅಮಾನತನ್ನು ತಂದರು. ಇದನ್ನು ಸಡಿಲಿಕೆ ಎಂದು ಹಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಹೇಳಲು ಧೈರ್ಯ ಬರಬೇಕಾದರೆ, ಹೇಳಿದ್ದರ ಫಲ ಮನಸ್ಸಾಕ್ಷಿ ತಡೆದುಕೊಳ್ಳುವಷ್ಟು ಇರಬೇಕು.

ಮರುವರ್ಷ ಸ್ಟ್ಯಾನ್‌ಫರ್ಡ್ ಇನ್ನೊಂದು ದಿಕ್ಕಿಗೆ ಹೊರಳಿತು. ನೂರು ವರ್ಷ ಮೇಲ್ವಿಚಾರಕರನ್ನು ಹೊರಗಿಟ್ಟಿದ್ದ ಸಂಹಿತೆಯನ್ನು ತಿದ್ದಿ, ಪರೀಕ್ಷಾ ಕೊಠಡಿಯಲ್ಲಿ ಕಾವಲಿಡುವ ಪ್ರಯೋಗಕ್ಕೆ ದಾರಿ ಮಾಡಿಕೊಟ್ಟಿತು. ಸಹಪಾಠಿಗಳು ಹೊರದ ಹೊಣೆ ಹೀಗೆ ಮೇಷ್ಟ್ರ ಹೆಗಲಿಗೆ ಮರಳಿತು.

ನಮ್ಮಲ್ಲಿ ಆ ಹೊಣೆ ಹುಡುಗರ ಕೈಗೆ ಬಂದದ್ದೇ ಇಲ್ಲ. 2019ರಲ್ಲಿ ಹಾವೇರಿಯ ಪಿಯು ಕಾಲೇಜೊಂದು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಡಬ್ಬಿ ತೊಡಿಸಿ ಪರೀಕ್ಷೆ ಬರೆಸಿದ ಚಿತ್ರಗಳು ದೇಶವನ್ನೆಲ್ಲ ಸುತ್ತಿದವು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟರೂ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಕ್ಯಾಮೆರಾ ಬೇಡವೆಂದು ನಾನು ಹೇಳುವುದಿಲ್ಲ. ಪ್ರಾಮಾಣಿಕವಾಗಿ ಬರೆದವರಿಗೆ ಅದರಿಂದ ನ್ಯಾಯ ಸಿಗುತ್ತದೆ. ಆದರೆ ಕಾಲೇಜು ಹಂತಕ್ಕೆ ಬಂದ, ಮತ ಹಾಕುವ ವಯಸ್ಸಿನವರನ್ನೂ ಸ್ಕ್ವಾಡ್ ಮತ್ತು ಡಿಬಾರ್ ಭಯದಲ್ಲೇ ಇಟ್ಟಿದ್ದೇವೆ.

ಪೆನ್ಸಿಲ್ವೇನಿಯಾದ ಹಾವರ್‌ಫರ್ಡ್ ಎಂಬ ಚಿಕ್ಕ ಕಾಲೇಜಿನಲ್ಲಿ ಸಂಹಿತೆ ತಾನಾಗಿಯೇ ಮುಂದುವರಿಯುವುದಿಲ್ಲ. ಪ್ರತಿ ವರ್ಷ ವಿದ್ಯಾರ್ಥಿಗಳು ಸಭೆ ಸೇರಿ, ಚರ್ಚಿಸಿ, ಮತ ಹಾಕಿ ಅದನ್ನು ಹೊಸದಾಗಿ ಒಪ್ಪಬೇಕು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ 1980ರ ದಶಕದ ಕೊನೆಯಲ್ಲೇ ನಿಂತಿದೆ. ಇಂಥದ್ದೊಂದು ಒಪ್ಪಂದ ಮಾಡಿಕೊಳ್ಳಲು ನಾಳೆ ಯಾವುದಾದರೂ ಕಾಲೇಜು ಮನಸ್ಸು ಮಾಡಿದರೆ, ಹುಡುಗರ ಪರವಾಗಿ ಸಹಿ ಹಾಕಲು ಅವರೇ ಆರಿಸಿದ ಪ್ರತಿನಿಧಿಗಳು ಮೊದಲು ಬೇಕಾಗುತ್ತಾರೆ.